ಎಮ್ಯುಲೇಟರ್‌ನಲ್ಲಿ ಮಾತ್ರ ಬೀಳುತ್ತಿದ್ದ ಪ್ರೋಗ್ರಾಂ: ಪೀಣ್ಯದ ಒಂದು ಟೋಕನ್ ಫಲಕದ ಪ್ರಕರಣ

ಕಳೆದ ವರ್ಷ ಮಳೆಗಾಲದಲ್ಲಿ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಂಪನಿಯಲ್ಲಿ ನಾವು ನಾಲ್ಕು ಜನ ಸೇರಿ ಟೋಕನ್ ಫಲಕ ಮಾಡುತ್ತಿದ್ದೆವು. ಕ್ಲಿನಿಕ್‌ಗಳಲ್ಲಿ ನೋಡಿರುತ್ತೀರಿ, ಗೋಡೆ ಮೇಲೆ ಎಲ್‌ಇಡಿ ಫಲಕ, ಅದರಲ್ಲಿ ಕೆಂಪು ಅಂಕಿಯಲ್ಲಿ ಮುಂದಿನ ನಂಬರ್. ನಮ್ಮದರಲ್ಲಿ ನಂಬರ್ ಜೊತೆಗೆ ರೋಗಿಯ ಹೆಸರೂ ಕನ್ನಡದಲ್ಲಿ ಬರಬೇಕಿತ್ತು. ವಯಸ್ಸಾದವರಿಗೆ ಕೈಯಲ್ಲಿರುವ ಚೀಟಿಯ ನಂಬರ್ ನೆನಪಿರುವುದಿಲ್ಲ, ತಮ್ಮ ಹೆಸರು ಕಂಡರೆ ಎದ್ದು ಬರುತ್ತಾರೆ. ಇಡೀ ಕೆಲಸದ ಉದ್ದೇಶವೇ ಅದು.

ಫಲಕದ ಹಿಂದೆ ಒಂದು ಸಣ್ಣ ಕಂಪ್ಯೂಟರ್ ಬೋರ್ಡ್ ಇರುತ್ತದೆ. ನಾಲ್ಕು ಕೋರಿನ (ಒಟ್ಟಿಗೇ ಕೆಲಸ ಮಾಡುವ ನಾಲ್ಕು ಘಟಕಗಳಿರುವ) ಕಾರ್ಟೆಕ್ಸ್ ಎ72, ಅಂದರೆ 64 ಬಿಟ್ ಆರ್ಮ್ ಪ್ರೊಸೆಸರ್, ಮೇಲೆ ಲಿನಕ್ಸ್. ಒಂದನ್ನು ಬಿಟ್ಟರೆ ನಮ್ಮ ಲ್ಯಾಪ್‌ಟಾಪ್‌ಗಳೆಲ್ಲ ಇಂಟೆಲ್. ಬೋರ್ಡ್ ಬರುವುದು ತಡವಾಯಿತು. ಅಲ್ಲಿವರೆಗೆ ಸುಮ್ನೆ ಕೂರುವುದು ಬೇಡ ಅಂತ ಕ್ಯೂಎಮು ಹಾಕಿಕೊಂಡು ಪರೀಕ್ಷೆ ಶುರು ಮಾಡಿದೆವು.

ಕ್ಯೂಎಮು ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಎಮ್ಯುಲೇಟರ್ ಅದು. ಒಂದು ಪ್ರೊಸೆಸರ್‌ಗಾಗಿ ಬರೆದ ಯಂತ್ರಭಾಷೆಯನ್ನು ಓಡುತ್ತಿರುವಾಗಲೇ ಇನ್ನೊಂದು ಪ್ರೊಸೆಸರ್‌ನ ಭಾಷೆಗೆ ತಿರುಗಿಸುತ್ತದೆ. ಎರಡು ಬಗೆಯಲ್ಲಿ ಬಳಸಬಹುದು. ಇಡೀ ಯಂತ್ರವನ್ನೇ ನಕಲು ಮಾಡಿ ಅದರೊಳಗೆ ಬೇರೆ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಓಡಿಸುವುದು ಒಂದು. ಇನ್ನೊಂದು, ಬರೀ ಒಂದು ಪ್ರೋಗ್ರಾಂ ಅನ್ನು ಓಡಿಸುವುದು. ಅಲ್ಲಿ ಪ್ರೋಗ್ರಾಂ ಕರ್ನಲ್‌ಗೆ ಹಾಕುವ ಕರೆಗಳನ್ನೆಲ್ಲ ಕ್ಯೂಎಮು ಹಿಡಿದು ನಮ್ಮದೇ ಲ್ಯಾಪ್‌ಟಾಪಿನ ಕರ್ನಲ್‌ಗೆ ದಾಟಿಸುತ್ತದೆ. ನಾವು ಬಳಸಿದ್ದು ಈ ಎರಡನೆಯದು, ಡಾಕರ್ ಕಂಟೇನರ್ ಒಳಗೆ, ಅಂದರೆ ಪ್ರೋಗ್ರಾಂಗೆ ಬೇಕಾದ ಫೈಲ್‌ಗಳೆಲ್ಲ ಒಟ್ಟಿಗಿರುವ ಪ್ರತ್ಯೇಕ ಆವರಣದಲ್ಲಿ. ಆರ್ಮ್ ಫೈಲ್ ಕಂಡ ತಕ್ಷಣ ಕ್ಯೂಎಮು ಕೈಗೆ ಕೊಡು ಎಂದು ಲಿನಕ್ಸ್ ಕರ್ನಲ್‌ಗೆ ಮೊದಲೇ ಹೇಳಿಡಬಹುದು, ಆ ಸೌಲಭ್ಯದ ಹೆಸರು ಬಿನ್‌ಎಫ್‌ಎಂಟಿ ಮಿಸ್ಕ್. ಅದು ಇರುವುದರಿಂದ ಆರ್ಮ್ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಮಾಮೂಲಿ ಪ್ರೋಗ್ರಾಂ ಥರಾನೇ ಓಡುತ್ತದೆ. ಓಡುತ್ತಿರುವುದು ಅನುವಾದ ಅನ್ನುವುದೇ ಮರೆತುಹೋಗುತ್ತದೆ.

ಇಂಟೆಲ್‌ಗೆ ಕಂಪೈಲ್ ಮಾಡಿದಾಗ, ಅಂದರೆ ಸಿ ಭಾಷೆಯಲ್ಲಿ ಬರೆದದ್ದನ್ನು ಅದರ ಯಂತ್ರಭಾಷೆಗೆ ತಿರುಗಿಸಿದಾಗ, ಪ್ರೋಗ್ರಾಂ ಚೆನ್ನಾಗಿಯೇ ಇತ್ತು. ಆರ್ಮ್‌ಗೆ ಕಂಪೈಲ್ ಮಾಡಿ ಕ್ಯೂಎಮುನಲ್ಲಿ ಓಡಿಸಿದರೆ ಶುರುವಾದ ಅರೆಕ್ಷಣದಲ್ಲಿ ಬೀಳುತ್ತಿತ್ತು, ಅಂದರೆ ಅರ್ಧಕ್ಕೇ ನಿಂತುಹೋಗುತ್ತಿತ್ತು. ಪರದೆ ಮೇಲೆ ಒಂದೇ ಸಾಲು: ಕ್ಯೂಎಮು, ಅನ್‌ಕಾಟ್ ಟಾರ್ಗೆಟ್ ಸಿಗ್ನಲ್ 11, ಸೆಗ್‌ಮೆಂಟೇಷನ್ ಫಾಲ್ಟ್, ಕೋರ್ ಡಂಪ್ಡ್. ಸಿಗ್ನಲ್ 11 ಅಂದರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿಯನ್ನು ಮುಟ್ಟಿತು ಅಂತ.

ಆ ಸಾಲಿನ ಮೊದಲ ಪದ ಕ್ಯೂಎಮು. ಎಲ್ಲರ ಕಣ್ಣೂ ಅಲ್ಲೇ ನಿಂತಿತು.

ಮೊದಲು ಅನುಮಾನ ಬಿದ್ದದ್ದು ಕನ್ನಡದ ಮೇಲೆ. ಯಾಕೆಂದರೆ ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷಿಸಿದಾಗ ಬಿದ್ದಿರಲಿಲ್ಲ, ಕನ್ನಡ ಹೆಸರುಗಳ ಫೈಲ್ ಕೊಟ್ಟಾಗ ಬಿತ್ತು. ಮಾಲೀಕರು ಒಳ್ಳೆಯ ಮನುಷ್ಯ, ಆದರೆ ಅವತ್ತು ಕಾಫಿ ಹಿಡಿದುಕೊಂಡು ಬಂದು, "ಸದ್ಯಕ್ಕೆ ಇಂಗ್ಲಿಷಲ್ಲೇ ಕೊಟ್ಬಿಡೋಣ ಸರ್, ಕನ್ನಡ ಆಮೇಲೆ ನೋಡೋಣ" ಅಂದರು. ನನಗೆ ನಿಜವಾಗಲೂ ಬೇಜಾರಾಯಿತು. ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಏನೇ ಕೆಟ್ಟರೂ ಮೊದಲು ಕನ್ನಡವನ್ನು ತೆಗೆದು ನೋಡುತ್ತಾರೆ, ತೆಗೆದ ಮೇಲೆ ಅದು ವಾಪಸ್ ಬರುವುದೇ ಇಲ್ಲ.

ಸ್ವಲ್ಪ ಕೂತು ನೋಡಿದರೆ ಆ ಹೋಲಿಕೆಯೇ ಸರಿಯಿರಲಿಲ್ಲ. ಇಂಗ್ಲಿಷ್ ಹೆಸರುಗಳು ಪ್ರೋಗ್ರಾಂ ಒಳಗೇ ಬರೆದಿಟ್ಟ ಪಟ್ಟಿಯಲ್ಲಿದ್ದವು. ಕನ್ನಡದ್ದು ಫೈಲಿನಿಂದ ಬರುತ್ತಿತ್ತು. ಅಂದರೆ ಒಂದೇ ಸಲಕ್ಕೆ ಎರಡು ವಿಷಯ ಬದಲಾಗಿದ್ದವು, ಭಾಷೆ ಮತ್ತು ದಾರಿ. ನಾನು ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುವ ಫೈಲ್ ಮಾಡಿ ಕೊಟ್ಟೆ. ಅದಕ್ಕೂ ಬಿತ್ತು. ಖಾಲಿ ಫೈಲ್ ಕೊಟ್ಟೆ. ಅದಕ್ಕೂ ಬಿತ್ತು. ಅಲ್ಲಿಗೆ ಕನ್ನಡದ ಮೇಲಿನ ಆರೋಪ ಮುಗಿಯಿತು. ಇಷ್ಟಕ್ಕೆ ಐದು ನಿಮಿಷ ಸಾಕಾಗಿತ್ತು.

ಆಮೇಲೆ ಎಲ್ಲರ ಬೆರಳೂ ಎಮ್ಯುಲೇಟರ್ ಕಡೆ ತಿರುಗಿತು. ಇದಕ್ಕೆ ಬಲವಾದ ಸಾಕ್ಷಿಯೂ ಸಿಕ್ಕಿತು. ತಂಡದಲ್ಲಿ ಒಬ್ಬರ ಹತ್ತಿರ ಆಪಲ್‌ನ ಹೊಸ ಲ್ಯಾಪ್‌ಟಾಪ್ ಇದೆ, ಅದರ ಪ್ರೊಸೆಸರ್ರೂ ಆರ್ಮ್. ಅವರು ಅದೇ ಕೋಡನ್ನು ಅದರಲ್ಲಿ ಕಂಪೈಲ್ ಮಾಡಿ ಓಡಿಸಿದರು. ಒಂದು ತೊಂದರೆಯೂ ಇಲ್ಲ. "ನಿಜವಾದ ಆರ್ಮ್‌ನಲ್ಲೇ ಓಡ್ತಿದೆ, ಇಂಟೆಲ್‌ನಲ್ಲೂ ಓಡ್ತಿದೆ, ಕ್ಯೂಎಮುನಲ್ಲಿ ಮಾತ್ರ ಬೀಳ್ತಿದೆ. ಇನ್ನೇನ್ ಬೇಕು?" ಅಂದರು. ಕೇಳಿದರೆ ಯಾರಾದರೂ ಒಪ್ಪುವ ಮಾತು. ನಾನೂ ಅವತ್ತು ಒಪ್ಪಿದೆ. ಈ ಸಾಕ್ಷಿ ನಮ್ಮನ್ನು ಎಷ್ಟು ದೂರ ದಾರಿ ತಪ್ಪಿಸಿತು ಅಂತ ಮುಂದೆ ಹೇಳುತ್ತೇನೆ.

ಹಾಸನದಿಂದ ಬಂದ ಕಿರಿಯ ಇಂಜಿನಿಯರ್ ಒಬ್ಬರು ನಮ್ಮಲ್ಲಿದ್ದಾರೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವರು ಕಂಟೇನರ್ ಒಳಗೆ ಜಿಡಿಬಿ, ಅಂದರೆ ಓಡುವ ಪ್ರೋಗ್ರಾಂ ಅನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ, ಹಾಕಿ ಹಿಡಿಯಲು ಹೋದರು. ಅದು ಶುರುವೇ ಆಗಲಿಲ್ಲ, ಪಿಟ್ರೇಸ್ ಎಂಬ ಸೌಲಭ್ಯ ಇಲ್ಲ ಅಂತ ಹೇಳಿ ನಿಂತಿತು. ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಕಥೆಯೂ ಅದೇ. ಒಂದು ಇಡೀ ದಿನ ಕಂಟೇನರ್‌ನ ಅನುಮತಿಗಳನ್ನು ಬದಲಾಯಿಸುತ್ತಾ ಕೂತಿದ್ದರು, ಪಾಪ. ಇದು ಅನುಮತಿಯ ವಿಷಯವೇ ಅಲ್ಲ. ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿ ಒಳಗೆ ನೋಡಲು ಲಿನಕ್ಸ್‌ನಲ್ಲಿ ಪಿಟ್ರೇಸ್ ಎಂಬ ಕರೆ ಬೇಕು, ಒಂಟಿ ಪ್ರೋಗ್ರಾಂ ಓಡಿಸುವ ಬಗೆಯ ಕ್ಯೂಎಮು ಆ ಕರೆಯನ್ನು ದಾಟಿಸುವುದಿಲ್ಲ. ಹೊರಗಿನಿಂದ, ಅಂದರೆ ಲ್ಯಾಪ್‌ಟಾಪಿನ ಇಂಟೆಲ್ ಜಿಡಿಬಿಯನ್ನೇ ಅಂಟಿಸಿದರೆ ಅಂಟುತ್ತದೆ, ಆದರೆ ಕಾಣುವುದು ಕ್ಯೂಎಮುವಿನ ಸ್ವಂತ ಕರುಳು. ನಮ್ಮ ಪ್ರೋಗ್ರಾಂ ಅಲ್ಲಿ ಕಾಣುವುದಿಲ್ಲ.

ಸರಿಯಾದ ದಾರಿ ಕ್ಯೂಎಮು ಒಳಗೇ ಇದೆ. ಕರ್ನಲ್‌ಗೆ ಹೋಗುವ ಕರೆಗಳನ್ನು ಅದೇ ಬರೆದು ತೋರಿಸುತ್ತದೆ, ಜಿಡಿಬಿಗಾಗಿ ಅದೇ ಒಂದು ಪೋರ್ಟ್ ತೆರೆದು ಕಾಯುತ್ತದೆ. ಕಂಟೇನರ್‌ನಲ್ಲಿ ಓಡಿಸುವಾಗ ಕ್ಯೂಎಮುವನ್ನು ನಾವು ಕೈಯಾರೆ ಕರೆಯುವುದಿಲ್ಲವಲ್ಲ, ಕರ್ನಲ್ ಕರೆಯುತ್ತದೆ. ಹಾಗಾಗಿ ಆಯ್ಕೆಗಳನ್ನು ಸಾಲಿನಲ್ಲಿ ಬರೆಯಲು ಜಾಗವಿಲ್ಲ. ಅದಕ್ಕೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಿವೆ, ಅಂದರೆ ಪ್ರೋಗ್ರಾಂ ಶುರುವಾಗುವ ಮೊದಲೇ ಹೆಸರಿಟ್ಟು ಕೊಡುವ ಬೆಲೆಗಳು. ಕ್ಯೂಎಮು ಅಂಡರ್‌ಸ್ಕೋರ್ ಎಸ್‌ಟ್ರೇಸ್ ಎಂಬುದಕ್ಕೆ 1 ಅಂತ ಕೊಟ್ಟರೆ ಕರೆಗಳ ಪಟ್ಟಿ ಬರುತ್ತದೆ. ಕ್ಯೂಎಮು ಅಂಡರ್‌ಸ್ಕೋರ್ ಜಿಡಿಬಿ ಎಂಬುದಕ್ಕೆ 1234 ಅಂತ ಕೊಟ್ಟರೆ ಪ್ರೋಗ್ರಾಂ ಮೊದಲ ಸೂಚನೆಯಲ್ಲೇ ನಿಂತು ಆ ಪೋರ್ಟಿನಲ್ಲಿ ಕಾಯುತ್ತದೆ. ಹಲವು ಪ್ರೊಸೆಸರ್‌ಗಳ ಭಾಷೆ ತಿಳಿದ ಜಿಡಿಬಿ, ಅಂದರೆ ಜಿಡಿಬಿ ಮಲ್ಟಿಆರ್ಚ್, ಹೊರಗಿನಿಂದ ಅದಕ್ಕೆ ಸೇರಿಕೊಳ್ಳುತ್ತದೆ. ಈ ಎರಡು ಹೆಸರು ಮೊದಲೇ ಗೊತ್ತಿದ್ದರೆ ಆ ಒಂದು ದಿನ ಉಳಿಯುತ್ತಿತ್ತು. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಇನ್ನೊಂದು ವಿಷಯ, ಆ ತಪ್ಪಿನ ಸಾಲಿನಲ್ಲಿದ್ದ ಟಾರ್ಗೆಟ್ ಎಂಬ ಪದ. ನಾವ್ಯಾರೂ ಅದನ್ನು ಸರಿಯಾಗಿ ಓದಿರಲಿಲ್ಲ. ಅಲ್ಲಿ ಟಾರ್ಗೆಟ್ ಅಂದರೆ ಒಳಗೆ ಓಡುತ್ತಿರುವ ಪ್ರೋಗ್ರಾಂ. "ನೀನು ಓಡಿಸು ಅಂದ ಪ್ರೋಗ್ರಾಂಗೆ ಸಿಗ್ನಲ್ 11 ಬಂತು, ಅದು ಹಿಡಿದುಕೊಳ್ಳಲಿಲ್ಲ" ಅಂತ ಕ್ಯೂಎಮು ವರದಿ ಒಪ್ಪಿಸುತ್ತಿದೆ ಅಷ್ಟೇ. ಕ್ಯೂಎಮುವೇ ಬಿದ್ದಿದ್ದರೆ ಮಾತು ಬೇರೆ ಇರುತ್ತದೆ. ಹೊಸ ಆವೃತ್ತಿಗಳಲ್ಲಿ ಕ್ಯೂಎಮು ಇಂಟರ್ನಲ್ ಅಂತಲೇ ಬರುತ್ತದೆ, ಇಲ್ಲವೇ ಅದರ ಸ್ವಂತ ಕೋಡಿನ ಯಾವುದೋ ಫೈಲಿನ ಹೆಸರು, ಸಾಲಿನ ಸಂಖ್ಯೆ ಬರುತ್ತವೆ. ಇದೊಂದರಿಂದಲೇ ಎಮ್ಯುಲೇಟರ್ ನಿರ್ದೋಷಿ ಅಂತ ಹೇಳಲಾಗದು, ತಪ್ಪು ಅನುವಾದದಿಂದಲೂ ಪ್ರೋಗ್ರಾಂ ಬೀಳಬಹುದು. ಆದರೆ ಮೊದಲ ಅನುಮಾನ ಯಾರ ಮೇಲೆ ಇರಬೇಕು ಅನ್ನುವುದು ಆ ಪದದಿಂದ ಬದಲಾಗುತ್ತದೆ.

ಕರೆಗಳ ಪಟ್ಟಿ ನೋಡಿದೆವು. ಹೆಸರುಗಳ ಫೈಲ್ ತೆರೆದಿದೆ. 4096 ಬೈಟ್‌ನಂತೆ ಓದುತ್ತಾ ಹೋಗಿದೆ. ಕೊನೆಗೆ ಒಂದು ಚಿಕ್ಕ ತುಂಡು. ಆಮೇಲೆ ಒಂದು ಸೊನ್ನೆ, ಅಂದರೆ ಫೈಲ್ ಮುಗಿಯಿತು. ಅದಾದ ಮೇಲೆ ಯಾವ ಕರೆಯೂ ಇಲ್ಲ, ನೇರವಾಗಿ ಸಿಗ್ನಲ್ 11. ತಪ್ಪಿದ ವಿಳಾಸದ ಹದಿನಾರರ ಲೆಕ್ಕದ ಕೊನೆಯ ಮೂರು ಅಂಕಿ ಸೊನ್ನೆ.

ಈ ಮೂರು ಸೊನ್ನೆ ದೊಡ್ಡ ಸುಳಿವು, ಯಾಕೆಂದರೆ ಮೆಮೊರಿಯನ್ನು 4096 ಬೈಟ್‌ಗಳ ಪುಟಗಳಾಗಿ ಹಂಚಿರುತ್ತದೆ. ಹಾಳಾದ ಪಾಯಿಂಟರ್ (ಮೆಮೊರಿಯ ವಿಳಾಸ) ಹಿಡಿದು ಎಲ್ಲೋ ಹೋಗಿ ಬರೆದರೆ ವಿಳಾಸ ಹೇಗೆ ಬೇಕಾದರೂ ಇರುತ್ತದೆ. ಸರಿಯಾಗಿ ಪುಟದ ಅಂಚಿನಲ್ಲೇ, 4096ರ ಗಡಿಯಲ್ಲೇ ಬಿದ್ದಿದೆ ಅಂದರೆ ಯಾರೋ ಒಂದೊಂದೇ ಬೈಟ್ ಬರೆಯುತ್ತಾ ಸಾಲಾಗಿ ನಡೆದುಕೊಂಡು ಬಂದು ಮೆಮೊರಿ ಮುಗಿಯುವ ಕಡೆ ಕಾಲಿಟ್ಟಿದ್ದಾರೆ ಅಂತ. ಫೈಲ್ ಓದುವುದಕ್ಕೆ ನಾವು 64 ಕಿಲೋಬೈಟ್ ಬಫರ್, ಅಂದರೆ ಮೆಮೊರಿಯಲ್ಲಿ ಅಷ್ಟು ಜಾಗ, ಕೊಟ್ಟಿದ್ದೆವು. ಫೈಲ್ ಅದರ ಕಾಲುಭಾಗವೂ ಇರಲಿಲ್ಲ. ಜಿಡಿಬಿಯಲ್ಲಿ ಬಫರ್ ನೋಡಿದರೆ ಮೊದಲು ನಮ್ಮ ಹೆಸರುಗಳು ಸರಿಯಾಗಿಯೇ ಇವೆ, ಆಮೇಲೆ ಬಫರ್ ದಾಟಿ ಹೀಪ್‌ನ (ಪ್ರೋಗ್ರಾಂ ಓಡುವಾಗ ಕೇಳಿ ಪಡೆದ ಮೆಮೊರಿಯ) ಕೊನೆಯವರೆಗೂ ಬರೀ 255, 255, 255.

ಈಗ ಆ ಜಾಗದ ಯಂತ್ರಭಾಷೆ ಬಿಡಿಸಿ ನೋಡಿದೆವು. ಲೂಪಿನಲ್ಲಿ ನಾಲ್ಕೇ ಸೂಚನೆ. ಫೈಲಿನ ವಿಳಾಸ ಇಡು. ಫೈಲಿನಿಂದ ಒಂದೊಂದೇ ಬೈಟ್ ಕೊಡುವ ಎಫ್‌ಗೆಟ್‌ಸಿಯನ್ನು ಕರೆ. ಬಂದ ಬೈಟ್ ಬರೆದು ಒಂದು ಹೆಜ್ಜೆ ಮುಂದೆ ಸರಿ. ಮತ್ತೆ ಮೇಲಕ್ಕೆ ಹೋಗು. ಅಷ್ಟೇ. ಫೈಲ್ ಮುಗಿಯಿತಾ ಅಂತ ಕೇಳುವ ಸೂಚನೆಯೇ ಇಲ್ಲ, ಹೊರಗೆ ಹೋಗಲು ಬಾಗಿಲೇ ಇಲ್ಲ. ಆದರೆ ನಮ್ಮ ಸಿ ಕೋಡಿನಲ್ಲಿ ಆ ಪ್ರಶ್ನೆ ಇತ್ತು! ಬಂದದ್ದು ಇಒಎಫ್ (ಫೈಲ್ ಮುಗಿಯಿತು ಎಂಬ ಗುರುತು) ಅಲ್ಲದಿರುವವರೆಗೆ ಓದು ಅಂತ ಕಣ್ಣೆದುರೇ ಬರೆದಿದೆ. ಕಂಪೈಲರ್ ಅದನ್ನು ತೆಗೆದು ಹಾಕಿತ್ತು.

ಯಾಕೆ ಅಂದರೆ, ಎಫ್‌ಗೆಟ್‌ಸಿ ಕೊಟ್ಟದ್ದನ್ನು ನಾವು ಚಾರ್ ಎಂಬ ಒಂದು ಬೈಟಿನ ಬಗೆಯ ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದೆವು. ಬೈಟ್ ಅಂದರೆ 0ರಿಂದ 255, ಒಟ್ಟು 256 ಬೆಲೆ. ಜೊತೆಗೆ ಫೈಲ್ ಮುಗಿಯಿತು ಅಂತ ಹೇಳಲು ಇನ್ನೊಂದು, ಅದು ಮೈನಸ್ 1. ಒಟ್ಟು 257. ಒಂದು ಬೈಟಿನಲ್ಲಿ ಇಷ್ಟು ಹಿಡಿಸುವುದಿಲ್ಲ, ಅದಕ್ಕೇ ಎಫ್‌ಗೆಟ್‌ಸಿ ಇಂಟ್, ಅಂದರೆ ಇನ್ನೂ ದೊಡ್ಡ ಪೂರ್ಣಾಂಕ, ಕೊಡುತ್ತದೆ. ಚಾರ್‌ಗೆ ಮೈನಸ್ ಚಿಹ್ನೆ ಇರಬೇಕಾ ಬೇಡವಾ ಅನ್ನುವುದನ್ನು ಸಿ ಭಾಷೆಯ ನಿಯಮ ಕಂಪೈಲರ್‌ಗೆ ಬಿಟ್ಟಿದೆ. ಇಂಟೆಲ್ ಲಿನಕ್ಸ್‌ನಲ್ಲಿ ಇರುತ್ತದೆ, ಅಂದರೆ ಮೈನಸ್ 128ರಿಂದ 127. ಆರ್ಮ್ ಲಿನಕ್ಸ್‌ನಲ್ಲಿ ಇರುವುದಿಲ್ಲ, 0ರಿಂದ 255. ಮೊದಲಿನ ಆರ್ಮ್ ಪ್ರೊಸೆಸರ್‌ಗಳಲ್ಲಿ ಚಿಹ್ನೆ ಇಲ್ಲದೆ ಬೈಟ್ ಓದುವ ಸೂಚನೆ ಮಾತ್ರ ಇತ್ತು, ಚಿಹ್ನೆ ಸಮೇತ ಓದುವುದು ಆಮೇಲೆ ಬಂತು, ಆ ಪದ್ಧತಿ ಹಾಗೇ ಉಳಿದುಕೊಂಡಿದೆ. 0ರಿಂದ 255ರ ನಡುವಿನ ಯಾವ ಬೆಲೆಯೂ ಮೈನಸ್ 1 ಆಗಲಾರದು. ಹಾಗಾಗಿ ಕಂಪೈಲರ್ "ಈ ಪ್ರಶ್ನೆಗೆ ಉತ್ತರ ಯಾವಾಗಲೂ ಹೌದು" ಅಂತ ಲೆಕ್ಕ ಹಾಕಿ ಪ್ರಶ್ನೆಯನ್ನೇ ಅಳಿಸಿತು. ನಮ್ಮ ಕಂಪೈಲರ್ ಜಿಸಿಸಿಗೆ ಎಕ್ಸ್‌ಟ್ರಾ ಎಚ್ಚರಿಕೆಗಳ ಆಯ್ಕೆ ಕೊಟ್ಟಿದ್ದರೆ ಅದೇ ಈ ಸಾಲು ತೋರಿಸಿ ಹೇಳುತ್ತಿತ್ತು. ನಾವು ಕೊಟ್ಟಿರಲಿಲ್ಲ.

ಇಂಟೆಲ್‌ನಲ್ಲಿ ಇಷ್ಟು ದಿನ ಓಡಿದ್ದು ಹೇಗೆ? ಅಲ್ಲಿ ಫೈಲಿನೊಳಗೆ 255 ಎಂಬ ಬೈಟ್ ಬಂದರೆ ಅದೂ ಮೈನಸ್ 1 ಆಗಿ, ಫೈಲ್ ಮುಗಿಯಿತು ಅಂತ ತಪ್ಪಾಗಿ ತಿಳಿಯುತ್ತಿತ್ತು. ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯ ಸರಿಯಾದ ಬರಹದಲ್ಲಿ 255 ಎಲ್ಲೂ ಬರುವುದೇ ಇಲ್ಲ. ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್, ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು 128ರಿಂದ 191ರ ಒಳಗೆ. 'ಕ' ಅಂದರೆ 224, 178, 149. ಹೀಗಾಗಿ ನಮ್ಮ ತಪ್ಪು ಇಂಟೆಲ್‌ನಲ್ಲಿ ಹತ್ತು ವರ್ಷ ಓಡಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ.

ಮತ್ತೆ ಆಪಲ್ ಲ್ಯಾಪ್‌ಟಾಪ್? ಅದು ಆರ್ಮ್ ನಿಜ, ಆದರೆ ಆಪಲ್ ತನ್ನ ವ್ಯವಸ್ಥೆಯಲ್ಲಿ ಚಾರ್‌ಗೆ ಚಿಹ್ನೆ ಇಟ್ಟುಕೊಂಡಿದೆ. ಒಂದೇ ಪ್ರೊಸೆಸರ್ ಕುಟುಂಬ, ಬೇರೆ ಒಪ್ಪಂದ. ಪ್ರೋಗ್ರಾಂ ನಡವಳಿಕೆ ಬರೀ ಪ್ರೊಸೆಸರ್‌ನಿಂದ ಬರುವುದಿಲ್ಲ, ಆ ವೇದಿಕೆಯ ಒಪ್ಪಂದಗಳಿಂದಲೂ ಬರುತ್ತದೆ. "ನಿಜವಾದ ಆರ್ಮ್‌ನಲ್ಲಿ ಓಡಿತು" ಎಂಬ ಸಾಕ್ಷಿ ಆಡಿದ್ದು ನಿಜವನ್ನೇ, ಆದರೆ ನಾವು ಕೇಳಬೇಕಿದ್ದ ಪ್ರಶ್ನೆ ಅದಲ್ಲ.

ಇಷ್ಟಾದರೂ ಎಮ್ಯುಲೇಟರ್ ಮೇಲಿನ ಅನುಮಾನ ಪೂರ್ತಿ ಹೋಗಲು ಒಂದು ಪ್ರಯೋಗ ಮಾಡಿದೆವು. ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಜಿಸಿಸಿಗೆ ಚಾರ್ ಹೇಗಿರಬೇಕು ಅಂತ ಹೇಳುವ ಎರಡು ಆಯ್ಕೆಗಳಿವೆ, ಸೈನ್ಡ್ ಚಾರ್ ಮತ್ತು ಅನ್‌ಸೈನ್ಡ್ ಚಾರ್. ಇಂಟೆಲ್‌ಗೆ ಅನ್‌ಸೈನ್ಡ್ ಕೊಟ್ಟು ಕಂಪೈಲ್ ಮಾಡಿ, ಕ್ಯೂಎಮು ಹತ್ತಿರಕ್ಕೂ ಹೋಗದೆ, ಲ್ಯಾಪ್‌ಟಾಪಿನಲ್ಲಿ ನೇರ ಓಡಿಸಿದೆವು. ಬಿತ್ತು! ಆರ್ಮ್‌ಗೆ ಸೈನ್ಡ್ ಕೊಟ್ಟು ಕ್ಯೂಎಮುನಲ್ಲಿ ಓಡಿಸಿದೆವು. ಓಡಿತು. ತಪ್ಪು ಚಾರ್ ಜೊತೆ ಹೋಗುತ್ತಿದೆ, ಎಮ್ಯುಲೇಟರ್ ಜೊತೆ ಹೋಗುತ್ತಿಲ್ಲ. ಲ್ಯಾಪ್‌ಟಾಪಿನಲ್ಲೇ ಬೀಳುವಂತೆ ಮಾಡಿಕೊಂಡ ಮೇಲೆ, ಮೆಮೊರಿಯ ತಪ್ಪು ಬಳಕೆ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಕೂಡ ಹಾಕಬಹುದು. ಅದು ಮೊದಲ ಸಲಕ್ಕೇ ಬಫರ್ ದಾಟಿ ಒಂದು ಬೈಟ್ ಬರೆದ ಸಾಲನ್ನು ಬೆರಳಿಟ್ಟು ತೋರಿಸಿತು. ಎಮ್ಯುಲೇಟರ್ ಒಳಗೆ ಕಷ್ಟಪಟ್ಟು ಹುಡುಕುವ ಬದಲು ತಪ್ಪನ್ನೇ ಹೊರಗೆ ಎಳೆದು ತರುವುದು ಎಷ್ಟೋ ಸುಲಭ. ಅದು ಹೊರಗೆ ಬರಲೇ ಇಲ್ಲ ಅಂದರೆ ಆಗ ಕ್ಯೂಎಮುವಿನ ಬೇರೆ ಆವೃತ್ತಿ ಹಾಕಿ ನೋಡುವುದು, ಒಂದೊಂದೇ ಸೂಚನೆ ಅನುವಾದ ಮಾಡುವ ಆಯ್ಕೆ ಹಾಕುವುದು, ಅನುವಾದದ ದಾಖಲೆ ಬರೆಸುವುದು ಇದ್ದೇ ಇವೆ.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ.

ಕಿರಿಯ ಇಂಜಿನಿಯರ್ ಕೇಳಿದರು, "ಸರ್, ಸೈನ್ಡ್ ಆಯ್ಕೆ ಹಾಕಿದ್ರೆ ಓಡ್ತಿದೆಯಲ್ಲ, ಅದನ್ನೇ ಬಿಲ್ಡ್‌ನಲ್ಲಿ ಸೇರಿಸಿಬಿಡೋಣ್ವಾ? ಒಂದೇ ಪದ." ಗಡುವು ಹತ್ತಿರ ಇತ್ತು. ನಾನು ಹೂಂ ಅಂದೆ. ಎಮ್ಯುಲೇಟರ್‌ನಲ್ಲಿ ಎಲ್ಲ ಪರೀಕ್ಷೆಗಳೂ ಪಾಸಾದವು. ಮುಂದಿನ ವಾರ ಬೋರ್ಡುಗಳು ಬಂದವು. ಫಲಕಕ್ಕೆ ಜೋಡಿಸಿದೆವು. ನಂಬರ್ ಬಂತು. ಇಂಗ್ಲಿಷ್ ಹೆಸರು ಬಂತು. ಕನ್ನಡ ಹೆಸರು ಮಾತ್ರ ಬರಲಿಲ್ಲ, ಆ ಜಾಗ ಖಾಲಿ.

ಫಲಕದ ಒಳಗೆ ಎಲ್‌ಇಡಿ ಸಾಲುಗಳನ್ನು ನಡೆಸುವ ಒಂದು ಮೈಕ್ರೋಕಂಟ್ರೋಲರ್ ಇದೆ. ನಾವು ಹೆಸರು ಕಳಿಸುವಾಗ ಎಲ್ಲ ಬೈಟ್‌ಗಳನ್ನು ಕೂಡಿ 16 ಬಿಟ್‌ನ ಒಂದು ಮೊತ್ತ ಜೊತೆಗೆ ಕಳಿಸುತ್ತೇವೆ. ಅದು ತಾನೂ ಕೂಡಿ ನೋಡಿ, ಹೊಂದದಿದ್ದರೆ ಆ ಸಾಲನ್ನು ಬಿಸಾಡುತ್ತದೆ. ಎರಡೂ ಕಡೆಯ ಮೊತ್ತ ಪಕ್ಕ ಪಕ್ಕ ಬರೆದು ನೋಡಿದೆ. ಪರೀಕ್ಷೆಗೆ ಕಳಿಸಿದ ಪದ 'ಬೆಂಗಳೂರು'. ವ್ಯತ್ಯಾಸ 6144.

'ಬೆಂಗಳೂರು' ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಆದರೆ ಯುನಿಕೋಡ್‌ನಲ್ಲಿ ಎಂಟು ಸಂಕೇತ: ಬ, ಎತ್ವ, ಸೊನ್ನೆ, ಗ, ಳ, ಊಕಾರದ ಕೊಂಬು, ರ, ಉಕಾರದ ಕೊಂಬು. ಎಂಟು ಮೂರಲಿ 24 ಬೈಟ್. 24ನ್ನು 256ರಿಂದ ಗುಣಿಸಿದರೆ 6144! ಅಂದರೆ ಪ್ರತಿ ಬೈಟಿಗೂ ಸರಿಯಾಗಿ 256 ಕಡಿಮೆ ಬಿದ್ದಿದೆ. 224 ಇರಬೇಕಾದ ಕಡೆ ಮೈನಸ್ 32 ಅಂತ ಕೂಡಿದ್ದೇವೆ, 178ರ ಕಡೆ ಮೈನಸ್ 78. ಚಾರ್‌ಗೆ ಚಿಹ್ನೆ ಕೊಟ್ಟದ್ದರ ಫಲ. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಕೆಳಗೆ ಇರುವುದರಿಂದ ಅವುಗಳ ಮೊತ್ತ ಹೇಗಿದ್ದರೂ ಸರಿಯೇ. ಲ್ಯಾಪ್‌ಟಾಪಿನಲ್ಲಿ ಫಲಕದ ಬದಲು ನಾವೇ ಬರೆದ ಒಂದು ನಕಲಿ ಫಲಕ ಇತ್ತು, ಅದೂ ಇದೇ ಮೊತ್ತದ ಕೋಡನ್ನು ಬಳಸುತ್ತಿತ್ತು. ಎರಡೂ ಕಡೆ ಒಂದೇ ತಪ್ಪು, ಹಾಗಾಗಿ ಎರಡೂ ಹೊಂದಿಕೊಂಡವು.

ಗಮನಿಸಿ, ಆ ಆಯ್ಕೆ ಹಾಕದೆ ಇದ್ದಿದ್ದರೆ ಆರ್ಮ್‌ನಲ್ಲಿ ಈ ಮೊತ್ತ ಮೊದಲಿನಿಂದಲೂ ಸರಿಯಾಗಿಯೇ ಇರುತ್ತಿತ್ತು. ಇಂಟೆಲ್‌ನ ತಪ್ಪನ್ನು ನಾವೇ ಹೊತ್ತುಕೊಂಡು ಬಂದು ಬೋರ್ಡಿಗೆ ಹಾಕಿದೆವು. ಆಯ್ಕೆ ತೆಗೆದೆವು. ಎಫ್‌ಗೆಟ್‌ಸಿ ಕೊಡುವುದನ್ನು ಇಂಟ್‌ನಲ್ಲಿ ಇಟ್ಟೆವು. ಬೈಟ್ ಅಂತ ಬಳಸಿದ ಕಡೆಯೆಲ್ಲ ಚಿಹ್ನೆಯಿಲ್ಲದ 8 ಬಿಟ್ ಬಗೆ ಅಂತ ಸ್ಪಷ್ಟವಾಗಿ ಬರೆದೆವು. ಅವತ್ತು ಸಂಜೆ ಫಲಕದ ಮೇಲೆ 'ಬೆಂಗಳೂರು' ಅಂತ ಕೆಂಪಗೆ ಮೂಡಿದಾಗ ಮಾಲೀಕರೇ ಕೆಳಗಿನಿಂದ ಎಲ್ಲರಿಗೂ ಬಿಸಿ ಮಂಗಳೂರು ಬಜ್ಜಿ ತರಿಸಿದರು. ಇಂಗ್ಲಿಷಲ್ಲೇ ಕೊಡೋಣ ಎಂಬ ಮಾತು ಮತ್ತೆ ಬರಲಿಲ್ಲ.

ಮೂರನೆಯ ಘಟ್ಟ ರಾಜಾಜಿನಗರದ ಒಂದು ಕ್ಲಿನಿಕ್‌ನಲ್ಲಿ. ಪ್ರಯೋಗಕ್ಕೆ ಅಂತ ಒಂದು ಫಲಕ ಕೊಟ್ಟಿದ್ದೆವು. ನಾಲ್ಕನೇ ದಿನ ಅಲ್ಲಿನ ರಿಸೆಪ್ಷನ್‌ನಿಂದ ಫೋನ್ ಬಂತು. "ಸಾರ್, 47ನೇ ನಂಬರ್ ಬಂತು, ಹೆಸರು ಮಾತ್ರ 46ನೆಯವರದ್ದೇ ಇತ್ತು. ಒಳಗೆ ಹೋಗಿ ಬಂದಿದ್ದ ಅಜ್ಜಿ ಮತ್ತೆ ಎದ್ದು ಒಳಗೆ ಹೋದ್ರು." ನನ್ನ ಎದೆ ಝಲ್ಲೆಂದಿತು. ಹೆಸರು ಬರದಿದ್ದರೆ ಜನ ಕೇಳುತ್ತಾರೆ. ತಪ್ಪು ಹೆಸರು ಬಂದರೆ ನಂಬುತ್ತಾರೆ. ಡಾಕ್ಟರ ಮೇಜಿನ ಮೇಲೆ ಒಬ್ಬರ ಚೀಟಿ, ಎದುರಿಗೆ ಇನ್ನೊಬ್ಬರು ಅಂತಾದರೆ ಏನಾಗಬಹುದು ಯೋಚಿಸಿ. ಅವತ್ತೇ ಫಲಕ ಬಂದ್ ಮಾಡಿಸಿದೆವು.

ನಂಬರ್ ಮತ್ತು ಹೆಸರನ್ನು ಫಲಕಕ್ಕೆ ದಾಟಿಸುವ ಈ ಭಾಗವನ್ನು ನಾವು ಎಮ್ಯುಲೇಟರ್‌ನಲ್ಲಿ ತುಂಬಾ ಚೆನ್ನಾಗಿ ಪರೀಕ್ಷಿಸಿದ್ದೆವು. ರಾತ್ರಿಯಿಡೀ ಓಡಿಸಿದ್ದೆವು. ಒಂದೂ ತಪ್ಪು ಬಂದಿರಲಿಲ್ಲ. ಮೊದಲ ಪ್ರಕರಣದಲ್ಲಿ ಎಮ್ಯುಲೇಟರ್ ಸರಿಯಿದ್ದು ನಾವು ತಪ್ಪಾಗಿದ್ದೆವಲ್ಲ, ಅದಾದ ಮೇಲೆ ನಮಗೆ ಅದರ ಮೇಲೆ ಪೂರ್ತಿ ನಂಬಿಕೆ ಬಂದಿತ್ತು. ಅದು ಪಾಸ್ ಅಂದರೆ ಪಾಸ್.

ಪ್ರೋಗ್ರಾಂನಲ್ಲಿ ಎರಡು ಥ್ರೆಡ್, ಅಂದರೆ ಬೇರೆ ಬೇರೆ ಕೋರಿನಲ್ಲಿ ಒಟ್ಟಿಗೇ ಓಡಬಲ್ಲ ಎರಡು ಕೆಲಸ. ಒಂದು, ರಿಸೆಪ್ಷನ್‌ನ ಕಂಪ್ಯೂಟರ್‌ನಿಂದ ನಂಬರ್ ಮತ್ತು ಹೆಸರು ತೆಗೆದುಕೊಂಡು ಮೆಮೊರಿಯಲ್ಲಿ ಬರೆದು, ಕೊನೆಗೆ ಒಂದು ಬಾವುಟ ಎತ್ತುತ್ತದೆ, 'ಸಿದ್ಧ' ಅಂತ. ಇನ್ನೊಂದು ಬಾವುಟ ನೋಡುತ್ತಾ ಇದ್ದು, ಎದ್ದ ಕೂಡಲೇ ಹೆಸರು ಓದಿ ಫಲಕಕ್ಕೆ ಕಳಿಸುತ್ತದೆ. ಬಾವುಟಕ್ಕೆ ವೊಲಟೈಲ್ ಅಂತ ಬರೆದಿತ್ತು. ತುಂಬಾ ಜನ ಅಷ್ಟೇ ಸಾಕು ಅಂದುಕೊಳ್ಳುತ್ತಾರೆ. ವೊಲಟೈಲ್ ಅಂದರೆ ಕಂಪೈಲರ್ ಆ ಬಾವುಟ ಓದುವುದನ್ನು ಬಿಟ್ಟುಬಿಡಬಾರದು ಅಂತ ಮಾತ್ರ. ಹೆಸರು ಮೊದಲು, ಬಾವುಟ ಆಮೇಲೆ ಎಂಬ ಕ್ರಮ ಇನ್ನೊಂದು ಕೋರಿಗೂ ಹಾಗೇ ಕಾಣಬೇಕು ಅಂತ ಅದು ಪ್ರೊಸೆಸರ್‌ಗೆ ಹೇಳುವುದಿಲ್ಲ.

ಇಂಟೆಲ್ ಪ್ರೊಸೆಸರ್ ಒಂದು ಕೋರ್ ಬರೆದ ಕ್ರಮದಲ್ಲೇ ಇನ್ನೊಂದು ಕೋರಿಗೆ ತೋರಿಸುತ್ತದೆ, ಓದುವುದನ್ನೂ ಹಿಂದುಮುಂದು ಮಾಡಿದಂತೆ ಕಾಣಿಸುವುದಿಲ್ಲ. ಆರ್ಮ್ ಆ ಭರವಸೆ ಕೊಡುವುದಿಲ್ಲ. ಬೇರೆ ಬೇರೆ ಜಾಗಕ್ಕೆ ಬರೆದದ್ದು ಬೇರೆ ಕ್ರಮದಲ್ಲಿ ಕಾಣಬಹುದು, ಕ್ರಮ ಬೇಕಾದರೆ ಕೇಳಿ ಪಡೆಯಬೇಕು. ಈಗ ಕ್ಯೂಎಮು ಏನು ಮಾಡುತ್ತದೆ ನೋಡಿ. ಆರ್ಮ್‌ನ ಮಾಮೂಲಿ ಬರೆಯುವ ಸೂಚನೆಯನ್ನು ಇಂಟೆಲ್‌ನ ಮಾಮೂಲಿ ಬರೆಯುವ ಸೂಚನೆಗೆ ತಿರುಗಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆರ್ಮ್ ಬಯಸಿದ್ದಕ್ಕಿಂತ ಜಾಸ್ತಿ ಶಿಸ್ತು ಸಿಕ್ಕಿತು ಅಷ್ಟೇ. ಆದರೆ ಆ ಶಿಸ್ತು ಲ್ಯಾಪ್‌ಟಾಪಿನ ಇಂಟೆಲ್ ಚಿಪ್‌ನದ್ದು, ಕ್ಲಿನಿಕ್ ಗೋಡೆಯ ಹಿಂದಿನ ಆರ್ಮ್ ಚಿಪ್‌ನದ್ದಲ್ಲ. ಒಂದು ರಾತ್ರಿ ಅಲ್ಲ, ಒಂದು ವರ್ಷ ಓಡಿಸಿದ್ದರೂ ಅಲ್ಲಿ ಈ ತಪ್ಪು ಕಾಣುವುದು ಕನಸಿನ ಮಾತು. ಇದರ ಉಲ್ಟಾ ದಿಕ್ಕಿನಲ್ಲಿ, ಇಂಟೆಲ್ ಪ್ರೋಗ್ರಾಂ ಅನ್ನು ಆರ್ಮ್ ಮೇಲೆ ಓಡಿಸುವಾಗ, ಎಮ್ಯುಲೇಟರ್ ತಾನೇ ಕ್ರಮ ಕಾಯಬೇಕಾಗುತ್ತದೆ. ಆಪಲ್ 2020ರಲ್ಲಿ ಎಂ1 ತಂದಾಗ ಇಂಟೆಲ್‌ನ ಕ್ರಮವನ್ನೇ ಪಾಲಿಸುವ ಒಂದು ವಿಧಾನವನ್ನು ಚಿಪ್ ಒಳಗೇ ಇಟ್ಟಿತು, ಅದರ ಅನುವಾದಕ ರೊಸೆಟ್ಟಾ 2ಗಾಗಿ. ಈ ಕ್ರಮದ ವಿಷಯ ಎಷ್ಟು ದುಬಾರಿ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಅನುಮಾನ ಖಚಿತ ಮಾಡಿಕೊಳ್ಳಲು ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಒಂದು ಥ್ರೆಡ್ ನಂಬರ್ ಜಾಗದಲ್ಲೂ ಹೆಸರಿನ ಜಾಗದಲ್ಲೂ ಒಂದೇ ಸಂಖ್ಯೆ ಬರೆದು ಬಾವುಟ ಎತ್ತುತ್ತದೆ, ಇನ್ನೊಂದು ಎರಡನ್ನೂ ಓದಿ ಒಂದೇ ಇದೆಯಾ ನೋಡುತ್ತದೆ. ಕ್ಯೂಎಮುನಲ್ಲಿ ರಾತ್ರಿಯಿಡೀ ಸೊನ್ನೆ. ನಿಜವಾದ ಬೋರ್ಡಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಿಕ್ಕಿತು. ಆಪಲ್ ಲ್ಯಾಪ್‌ಟಾಪಿನಲ್ಲಿ ಆರ್ಮ್ ಲಿನಕ್ಸ್ ವರ್ಚುವಲ್ ಮಷೀನ್ ಹಾಕಿ, ಅನುವಾದ ಇಲ್ಲದೆ ನೇರವಾಗಿ ಓಡಿಸಿದಾಗ ಅಲ್ಲೂ ಸಿಕ್ಕಿತು. ಮೊದಲ ಪ್ರಕರಣದಲ್ಲಿ ದಾರಿ ತಪ್ಪಿಸಿದ ಅದೇ ಲ್ಯಾಪ್‌ಟಾಪ್ ಈ ಸಲ ನಮ್ಮ ಅತ್ಯುತ್ತಮ ಸಾಕ್ಷಿ.

ಸರಿಮಾಡಿದ್ದು ಎರಡೇ ಸಾಲಿನಲ್ಲಿ. 2011ರ ಸಿ ಭಾಷೆಯಲ್ಲಿ ಬಂದ ಅಟಾಮಿಕ್ ಬಗೆಯನ್ನು ಬಾವುಟಕ್ಕೆ ಹಾಕಿ, ಎತ್ತುವಾಗ ರಿಲೀಸ್ (ಮೊದಲು ಬರೆದದ್ದೆಲ್ಲ ಮೊದಲೇ ಕಾಣಲಿ), ನೋಡುವಾಗ ಅಕ್ವೈರ್ (ಮುಂದಿನ ಓದು ಆಮೇಲೇ ಆಗಲಿ) ಅಂತ ಹೇಳಿದೆವು. ಕಂಪೈಲರ್ ಈಗ ಮಾಮೂಲಿ ಸೂಚನೆ ಬದಲು ಆರ್ಮ್‌ನ ಕ್ರಮ ಕಾಯುವ ಓದು-ಬರಹದ ಸೂಚನೆಗಳನ್ನು ಹಾಕುತ್ತದೆ. ಸಣ್ಣ ಪ್ರೋಗ್ರಾಂ ಬೋರ್ಡಿನಲ್ಲಿ ಮೂರು ದಿನ ಓಡಿತು, ಒಂದೂ ಬರಲಿಲ್ಲ. ಆಮೇಲೆ ತಿಳಿದದ್ದು, ಇಂಟೆಲ್ ಲ್ಯಾಪ್‌ಟಾಪಿನಲ್ಲೇ ಥ್ರೆಡ್ ಸ್ಯಾನಿಟೈಸರ್ ಹಾಕಿ ಹಳೆಯ ಕೋಡ್ ಓಡಿಸಿದ್ದರೆ ಮೊದಲ ನಿಮಿಷದಲ್ಲೇ ಹೇಳುತ್ತಿತ್ತು. ಅದು ತಪ್ಪು ಉತ್ತರ ಬರಲಿ ಅಂತ ಕಾಯುವುದಿಲ್ಲ. ಎರಡು ಥ್ರೆಡ್ ಒಂದೇ ಜಾಗವನ್ನು ಒಪ್ಪಂದ ಇಲ್ಲದೆ ಮುಟ್ಟಿದವಾ ಅಂತಷ್ಟೇ ನೋಡುತ್ತದೆ, ಹಾಗಾಗಿ ಇಂಟೆಲ್‌ನ ಶಿಸ್ತು ಅದಕ್ಕೆ ಅಡ್ಡ ಬರುವುದಿಲ್ಲ.

ಈಗ ನಮ್ಮಲ್ಲಿ ಪ್ರತಿ ರಾತ್ರಿ ನಾಲ್ಕು ಬಗೆಯ ಓಟ ನಡೆಯುತ್ತದೆ. ಇಂಟೆಲ್‌ನಲ್ಲಿ ಅನ್‌ಸೈನ್ಡ್ ಚಾರ್ ಮತ್ತು ಅಡ್ರೆಸ್ ಸ್ಯಾನಿಟೈಸರ್. ಇಂಟೆಲ್‌ನಲ್ಲಿ ಥ್ರೆಡ್ ಸ್ಯಾನಿಟೈಸರ್. ಕ್ಯೂಎಮುನಲ್ಲಿ ಆರ್ಮ್. ಕೊನೆಗೆ ಆಫೀಸಿನ ಮೂಲೆಯಲ್ಲಿ ಸದಾ ಉರಿಯುತ್ತಿರುವ ಒಂದು ನಿಜವಾದ ಬೋರ್ಡ್, ಅದರಲ್ಲಿ ಥ್ರೆಡ್‌ಗಳ ಪರೀಕ್ಷೆ ಮಾತ್ರ. ನಕಲಿ ಫಲಕದ ಮೊತ್ತದ ಕೋಡನ್ನು ಬೇರೆಯವರ ಕೈಯಲ್ಲಿ ಬೇರೆಯಾಗಿ ಬರೆಸಿದ್ದೇವೆ.

ಕ್ಲಿನಿಕ್‌ನಲ್ಲಿ ಫಲಕ ವಾಪಸ್ ಹಾಕಿದ ದಿನ ನಾನು ಮತ್ತು ಕಿರಿಯ ಇಂಜಿನಿಯರ್ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತಿದ್ದೆವು. ಪ್ರತಿ ನಂಬರ್ ಬದಲಾದಾಗಲೂ ಹೆಸರು ಬದಲಾಯಿತಾ ಅಂತ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದರು ಅವರು. ಊಟಕ್ಕೆ ಎದ್ದಾಗ ಹೇಳಿದರು, "ಸರ್, ರಸೀದಿ ಪ್ರಿಂಟರ್‌ನ ಹಳೇ ಕೋಡಲ್ಲೂ ಅದೇ ಚಾರ್ ಲೂಪ್ ಇದೆ. ನಿನ್ನೆ ರಾತ್ರಿ ಅನ್‌ಸೈನ್ಡ್ ಹಾಕಿ ಓಡಿಸಿದೆ, ಬಿತ್ತು. ಸರಿ ಮಾಡಿಟ್ಟಿದೀನಿ, ಒಂದ್ಸಲ ನೋಡಿ."